ಬೆತ್ತವನ್ನು ಕೆಳಗಿಟ್ಟ ಬಳಿಕ

ಮಾಗಡಿ ರಸ್ತೆಯ ವಾಹನಘೋಷವು ಕಿಟಕಿಯೊಳಗೆ ನುಗ್ಗುವ, ಬೆಂಗಳೂರಿನ ಗೋವಿಂದರಾಜನಗರದ ಯಾವುದಾದರೊಂದು ತರಗತಿಯನ್ನು ಊಹಿಸಿಕೊಳ್ಳಿರಿ. ಹಿಂದಿನ ಬೆಂಚಿನ ಹುಡುಗನು ಪಕ್ಕದವನ ಪುಸ್ತಕವನ್ನು ಕಿತ್ತೆಸೆಯುತ್ತಾನೆ. ಉಪಾಧ್ಯಾಯರ ಕೈ, ಹಳೆಯ ಅಭ್ಯಾಸಬಲದಿಂದ, ಬೆತ್ತವನ್ನು ಅರಸುತ್ತದೆ. ಆದರೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣವು ದೈಹಿಕ ದಂಡನೆಯೊಡನೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹೊಡೆತವನ್ನು ತ್ಯಜಿಸಿ ಹಂಗಿಸುವುದನ್ನು ಮಾತ್ರ ಉಳಿಸಿಕೊಂಡವರು, ಅಂಥವರೇನೂ ವಿರಳರಲ್ಲ, ಈ ಎರಡನೆಯ ಮಾತನ್ನು ಓದಿದಂತೆ ತೋರುವುದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ತಾಯಿಯು ಗಾರ್ಮೆಂಟ್ಸ್ ಕೆಲಸಕ್ಕೆ ಮುಂಜಾನೆಯೇ ಹೊರಟುಹೋದ ಮನೆಯಿಂದ, ತಿಂಡಿಯಿಲ್ಲದೆ, ನಿದ್ದೆಯೂ ಸಾಲದೆ ಬಂದ ಬಾಲಕನ ತುಂಟತನವು ಎಷ್ಟೋ ವೇಳೆ ಹೇಳಿಕೊಳ್ಳಲಾರದ ಕಷ್ಟದ ವೇಷಾಂತರವಾಗಿರುವುದರಿಂದ, ಮೊದಲು ಅವನನ್ನು ಪ್ರತ್ಯೇಕವಾಗಿ ಕರೆದು ಕಾರಣವನ್ನು ವಿಚಾರಿಸುವುದೂ, ಅನಂತರ ‘ಗಲಾಟೆ ಬೇಡ’ ಎಂಬ ನಿಷೇಧಕ್ಕೆ ಬದಲಾಗಿ ಮಾಡಬೇಕಾದುದನ್ನು ಸ್ಪಷ್ಟವಾಗಿ ತಿಳಿಯಹೇಳಿ, ಅವನು ಹಾಗೆ ನಡೆದೊಡನೆ ಆ ಕಾರ್ಯವನ್ನೇ ಹೆಸರಿಸಿ ಮೆಚ್ಚುವುದೂ ಉಚಿತವಾದ ಕ್ರಮ. ಬರಿಯ ‘ಗುಡ್’ ಎಂಬ ಉದ್ಗಾರದಿಂದ ಮಗುವಿಗೆ ತಿಳಿಯುವುದು ಅತ್ಯಲ್ಪ.

ಹೀಗೆ ಮಗುವಿನ ಬಳಿಸಾರುವ ರೀತಿಯು ನಮ್ಮಲ್ಲಿ ಹೊಸದೇನಲ್ಲ: 1995ರಷ್ಟು ಹಿಂದೆಯೇ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಆರಂಭವಾದ ‘ನಲಿ ಕಲಿ’ ಬೋಧನಪದ್ಧತಿಯು, ಮಕ್ಕಳು ಗುಂಪುಗಳಲ್ಲಿ ತಂತಮ್ಮ ವೇಗಕ್ಕನುಸಾರವಾಗಿ ಕಲಿಯಲೆಂದು, ಉಪಾಧ್ಯಾಯರನ್ನೇ ನೆಲದ ಮೇಲೆ ಅವರ ಪಕ್ಕದಲ್ಲಿ ಕುಳ್ಳಿರಿಸಿತು.

ಮಗುವಿನ ಸಂಕಟವು ಶಾಲೆಯ ಅಳವಿಗೆ ಮೀರಿದುದೆಂದು ಕಂಡಾಗ, ನಮ್ಮದೇ ನಗರದ ನಿಮ್ಹಾನ್ಸ್ ಮುನ್ನಡೆಸುತ್ತಿರುವ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416ಕ್ಕೆ ಕರೆಮಾಡಬಹುದು; ರಕ್ಷಣೆಯ ಪ್ರಶ್ನೆಯೇ ಉದ್ಭವಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ. ಎರಡೂ ಉಚಿತ, ಎರಡೂ ಹಗಲಿರುಳು ಲಭ್ಯ.