ಯೂಟ್ಯೂಬ್ ನೋಡಿ ತೋಟೆ ತುಂಬೋಕೆ ಹೊರಟಿದ್ದೀರಾ? ಇದನ್ನೂ ಓದಿ

ಹೋದ ವಾರ ಬಸ್‌ಸ್ಟ್ಯಾಂಡ್ ಹತ್ರ ಚಾ ಕುಡೀತಿದ್ದಾಗ ಪರಿಚಯದವರೊಬ್ಬರು ಮೊಬೈಲ್ ತೋರಿಸಿದರು. ಅಮೆರಿಕದ ಅಜ್ಜ ಒಬ್ಬ ಮನೆ ಶೆಡ್ಡಿನಲ್ಲಿ ಕೂತು ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ರಿವಾಲ್ವರ್‌ಗೆ ತೋಟೆ ತುಂಬುತ್ತಿದ್ದ. "ಬಲೆಗೆ ಕಟ್ಟೋ ಸೀಸ ನಮ್ಮಲ್ಲೂ ಇದೆಯಲ್ಲ ಮಾರಾಯ, ಹಂದಿ ಕಾಟಕ್ಕೆ ನಾವೂ ಮಾಡಬಹುದಲ್ಲ?" ಅಂದರು. ತಮಾಷೆಗೆ ಅಂದದ್ದಲ್ಲ. ಅವರ ಅರ್ಧ ಗದ್ದೆ ಹಂದಿ ಪಾಲಾಗಿದೆ.

ಅಲ್ಲಿಯವರು ಯಾಕೆ ಮಾಡ್ತಾರೆ ಅಂತ ಮೊದಲು ನೋಡೋಣ. ತೋಟೆಯಲ್ಲಿ ಇರೋದು ನಾಲ್ಕೇ: ಹಿತ್ತಾಳೆ ಕೋಶ, ಕೇಪು, ಮದ್ದು, ಗುಂಡು. ಹೊಡೆದ ಮೇಲೂ ಕೋಶ ಉಳಿಯುತ್ತೆ, ಮತ್ತೆ ತುಂಬಿದರೆ ಖರ್ಚು ಕಮ್ಮಿ. ಎರಡನೇ ಕಾರಣ ಒದೆತ. 1955ರಲ್ಲಿ ಬಂದ .44 ಮ್ಯಾಗ್ನಮ್ ರಿವಾಲ್ವರ್ ಸುಮಾರು 15 ಗ್ರಾಂ ಗುಂಡನ್ನು ಸೆಕೆಂಡಿಗೆ 400 ಮೀಟರ್ ಮೀರಿದ ವೇಗದಲ್ಲಿ ಬಿಡುತ್ತೆ. ಕೈ ಮಣಿಕಟ್ಟು ನೋಯುವಷ್ಟು ಒದೆತ. ಅದಕ್ಕಿಂತ ಹಳೇದು, 1907ರ .44 ಸ್ಪೆಷಲ್, ಹೆಚ್ಚುಕಮ್ಮಿ ಅಷ್ಟೇ ತೂಕದ ಗುಂಡನ್ನು 230 ಮೀಟರ್ ಆಸುಪಾಸಿನಲ್ಲಿ ಬಿಡುತ್ತೆ. ಹತ್ತಿರದ ಜಿಂಕೆಗೆ ಭಾರದ, ಮೂತಿ ಚಪ್ಪಟೆಯಾದ ಸೀಸದ ಗುಂಡು ನಿಧಾನಕ್ಕೆ ಹೋದರೂ ಸಾಕು ಅನ್ನೋದು ಅವರ ಲೆಕ್ಕ. ನಿಧಾನ ಹೋಗೋದ್ರಿಂದ ಮೆತ್ತನೆ ಸೀಸ ನಳಿಗೆಗೆ ಮೆತ್ತಿಕೊಳ್ಳೋದೂ ಕಮ್ಮಿ.

ವಿಡಿಯೋದಲ್ಲಿ ಕಾಣದ್ದು ಬೇರೆ ಇದೆ. ಇಂಥ ಮೆದು ತೋಟೆಗೆ ಬೇಗ ಉರಿಯೋ ಮದ್ದು ಚಿಟಿಕೆಯಷ್ಟು ಸಾಕು, ಕೋಶದ ತಳವಷ್ಟೇ ತುಂಬುತ್ತೆ. ಮರೆತು ಎರಡು ಸಲ ಹಾಕಿದರೂ ಮೇಲಿಂದ ಗೊತ್ತಾಗಲ್ಲ. ಹೊಡೆದಾಗ ರಿವಾಲ್ವರ್ ಕೈಯಲ್ಲೇ ಸೀಳುತ್ತೆ. ಮದ್ದು ಕಮ್ಮಿಯಾದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತೆ, ಹಿಂದೆಯೇ ಮತ್ತೊಂದು ಹೊಡೆದರೆ ಅದೇ ಗತಿ. ಕರಗಿದ ಸೀಸದೊಳಗೆ ಒಂದು ಹನಿ ನೀರು ಸೇರಿದರೆ ಸಿಡಿದು ಮುಖಕ್ಕೆ ಬರುತ್ತೆ. ಸೀಸದ ಹೊಗೆ, ಧೂಳು ಮಕ್ಕಳ ಮಿದುಳಿಗೆ ವಿಷ. ಅಡುಗೆಮನೆ ಒಲೆ ಮೇಲೆ ಇಟ್ಟೀರಿ ಮತ್ತೆ! ಅಮೆರಿಕದಲ್ಲೂ ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧಿಸಿದೆ. ಗುಂಡೇಟು ಬಿದ್ದ ಪ್ರಾಣಿ ತಿಂದು ಕಾಂಡೋರ್ ಅನ್ನೋ ರಣಹದ್ದುಗಳು ಸಾಯ್ತಿದ್ದವು.

ಈಗ ನಮ್ಮ ವಿಷಯ. ಅಲ್ಲಿ ಸ್ವಂತಕ್ಕೆ ತೋಟೆ ತುಂಬಿಕೊಳ್ಳೋಕೆ ಕೇಂದ್ರದ ಲೈಸೆನ್ಸ್ ಬೇಕಿಲ್ಲ. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋ ಹಾಗಿಲ್ಲ. 2019ರ ತಿದ್ದುಪಡಿ ಆದಮೇಲೆ ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿವರೆಗೂ ಹೋಗಬಹುದು. ಮನೇಲಿ ಕೋವಿ ಲೈಸೆನ್ಸ್ ಇದೆಯಲ್ಲ ಅಂದ್ಕೊಂಡು ಕೂರಬೇಡಿ, ಇಟ್ಟುಕೊಳ್ಳೋ ಲೈಸೆನ್ಸ್ ಬೇರೆ, ತಯಾರಿಸೋದು ಬೇರೆ. ಬೆಳೆ ರಕ್ಷಣೆಗೆ ಕೊಟ್ಟ ಕೋವಿ ಅಂತ ಹಂದಿಗೆ ಈಡು ಹೊಡೆಯೋ ಹಾಗೂ ಇಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಕಾಡುಹಂದಿ ಪಟ್ಟಿಯಲ್ಲಿದೆ. ಅನುಮತಿ ಬೇಕಾದರೆ ಅದೇ ಕಾಯ್ದೆಯ 11ನೇ ಸೆಕ್ಷನ್‌ನಡಿ ಅರಣ್ಯ ಇಲಾಖೆಯಿಂದ ಲಿಖಿತವಾಗಿಯೇ ಬರಬೇಕು.

ಚಾ ಅಂಗಡಿಯವರಿಗೆ ಇಷ್ಟೂ ಹೇಳಿದೆ. "ಹಾಗಾದ್ರೆ ಗದ್ದೆ?" ಅಂತ ಕೇಳಿದರು. ಹಂದಿ ಉತ್ತಿದ ಜಾಗ ಸರಿಮಾಡೋ ಮೊದಲು ಫೋಟೋ ತೆಗೆದು, ಪಹಣಿ ಹಿಡ್ಕೊಂಡು ವಲಯ ಅರಣ್ಯಾಧಿಕಾರಿ ಕಚೇರಿಗೆ ಪರಿಹಾರದ ಅರ್ಜಿ ಕೊಡಿ ಅಂದೆ. ಸೋಮವಾರ ಹೋಗ್ತಾರಂತೆ. ನಾನೂ ಜೊತೆಗೆ ಹೋಗ್ತಿದ್ದೇನೆ, ಎಷ್ಟು ದಿನ ಅಲೆಸ್ತಾರೆ ಅಂತ ಮುಂದೆ ಬರೀತೀನಿ.