ಹಳೆಯ ಕಾರು ಕೊಳ್ಳುವ ಮುನ್ನ

ಹಸು ಕೊಳ್ಳಲು ಹೋದ ರೈತನು ಏನು ಮಾಡುತ್ತಾನೆ? ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಸುಳಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸುತ್ತಾನೆ. ಸಂಜೆ ಒಮ್ಮೆ, ಬೆಳಗ್ಗೆ ಒಮ್ಮೆ ಎದುರಿಗೆ ನಿಂತು ಹಾಲು ಕರೆಸುತ್ತಾನೆ. ಆಮೇಲೆ ಬೆಲೆಯ ಮಾತು. ಅದೇ ರೈತನು ಎರಡು ಮೂರು ಹಸುವಿನ ಬೆಲೆ ತೆತ್ತು ಹಳೆಯ ಕಾರು ಕೊಳ್ಳುವಾಗ ಮಾತ್ರ ಬಣ್ಣದ ಹೊಳಪು ನೋಡಿ, ದಲ್ಲಾಳಿಯ ಮಾತು ಕೇಳಿ, ಅರ್ಧ ಗಂಟೆಯಲ್ಲಿ ಮುಂಗಡ ಕೊಟ್ಟು ಬರುತ್ತಾನೆ. ಹೀಗೆ ಮಾಡಿದವರಲ್ಲಿ ನಾವೂ ಸೇರಿದ್ದೇವೆ. ಆದುದರಿಂದಲೇ ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ನಮ್ಮ ಕಲ್ಲೂರು ಸುಲ್ತಾನ್ ಬತ್ತೇರಿಯಿಂದ ಗುಂಡ್ಲುಪೇಟೆಗೆ ಹೋಗುವ 766ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿದೆ. ಮುತ್ತಂಗ ದಾಟಿದರೆ ಕಾಡು. ಮೂಲೆಹೊಳೆಯಿಂದ ಮದ್ದೂರಿನವರೆಗೂ ಬಂಡೀಪುರದ ಕಾಡೇ. ಈ ಕಾಡಿನ ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಮೈಸೂರಿನ ಆಸ್ಪತ್ರೆಗೆ ಹೋದವರು, ಗುಂಡ್ಲುಪೇಟೆಯ ಕಡೆ ಗುತ್ತಿಗೆ ಭೂಮಿಯಲ್ಲಿ ಶುಂಠಿ ಹಾಕಿದವರು, ಎಲ್ಲರೂ ಗಡಿಯಾರ ನೋಡುತ್ತಲೇ ಹಿಂದಿರುಗಬೇಕು. ಇಂಥ ಊರಿನಲ್ಲಿ ಕಾರು ಎಂದರೆ ಬರೀ ಅನುಕೂಲವಲ್ಲ. ಅದರ ಮೇಲೆ ಮನೆಯವರ ಜೀವವನ್ನೇ ನಂಬಿಸಿರುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರ ಕಣ್ಣು ತೋರಿಸಿಕೊಂಡು ಮೈಸೂರಿನಿಂದ ಬರುತ್ತಿದ್ದೆವು. ಕಾರು ಕೊಂಡು ಒಂದು ತಿಂಗಳೂ ಆಗಿರಲಿಲ್ಲ. ಹೊಸ ಬಣ್ಣ, ಹೊಸ ಸೀಟಿನ ಹೊದಿಕೆ. ಮದ್ದೂರಿನ ಗೇಟು ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಶಾಖದ ಮುಳ್ಳು ಮೇಲಕ್ಕೆ ಹೋಯಿತು. ಮುಂಭಾಗದಿಂದ ಹಬೆ ಎದ್ದು ಇಂಜಿನು ನಿಂತಿತು. ಆಗ ಎಂಟು ಗಂಟೆ ಹೊಡೆದಿತ್ತು. ಹಿಂದೆ ಆನೆ ಕೊಂಬೆ ಮುರಿಯುವ ಸದ್ದು. ಕಾರಿನಿಂದ ಇಳಿಯುವಂತಿಲ್ಲ, ಒಳಗೆ ಕೂರುವಂತಿಲ್ಲ. ಕೊನೆಗೆ ತರಕಾರಿ ಲಾರಿಯವರೊಬ್ಬರು ಹಗ್ಗ ಕಟ್ಟಿ ಎಳೆದು ಮೂಲೆಹೊಳೆ ಮುಟ್ಟಿಸಿದರು. ಮರುದಿನ ಮೆಕ್ಯಾನಿಕ್ ಇಂಜಿನು ಬಿಚ್ಚಿ, “ಮೇಷ್ಟ್ರೇ, ಇದರ ಹೆಡ್ ಗ್ಯಾಸ್ಕೆಟ್ ಹೋಗಿ ಬಹಳ ದಿನವಾಗಿದೆ. ಗೊತ್ತಿದ್ದೇ ಮಾರಿದ್ದಾರೆ” ಎಂದನು. ಕೊಳ್ಳುವ ದಿನ ಇದೇ ಮೆಕ್ಯಾನಿಕ್‌ನನ್ನು ಕರೆದೊಯ್ದಿದ್ದರೆ ಹತ್ತು ನಿಮಿಷದಲ್ಲಿ ತಿಳಿಯುತ್ತಿದ್ದ ಸಂಗತಿ ಅದು.

ಯಾವ ಕಾರು?

ಬಿಡಿಭಾಗ ಬತ್ತೇರಿಯಲ್ಲೇ ಸಿಗುವ, ನಮ್ಮೂರ ಮೆಕ್ಯಾನಿಕ್ ಕಣ್ಣು ಮುಚ್ಚಿ ಬಿಚ್ಚಬಲ್ಲ ಕಾರು ಕೊಳ್ಳಬೇಕು. ಮಾರುತಿ 800 ನಮ್ಮ ದೇಶದಲ್ಲಿ 1983ರಲ್ಲಿ ಬಂದು 2014ರವರೆಗೆ ತಯಾರಾಯಿತು. ಅದೂ, ಅದರ ಬಳಗದ ಆಲ್ಟೊ, ವ್ಯಾಗನ್ ಆರ್ ಕಾರುಗಳೂ ಹಳ್ಳಿಗಳಲ್ಲಿ ಇಂದಿಗೂ ಉಳಿದಿರುವುದಕ್ಕೆ ಈ ಸರಳತೆಯೇ ಕಾರಣ. ಅಪರೂಪದ ದೊಡ್ಡ ಕಾರು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬಾರದು. ಕೊಳ್ಳುವಾಗ ಉಳಿದ ಹಣವು ಮೊದಲ ರಿಪೇರಿಯಲ್ಲೇ ಕರಗುತ್ತದೆ. ಶಾಲೆ, ಹಾಲಿನ ಸೊಸೈಟಿ, ಸಂತೆ ಎಂದು ದಿನಕ್ಕೆ ಹತ್ತು ಹದಿನೈದು ಕಿಲೋಮೀಟರು ಓಡಿಸುವವರಿಗೆ ಪೆಟ್ರೋಲ್ ಕಾರೇ ಸಾಕು. ಹಳೆಯ ಡೀಸೆಲ್ ಇಂಜಿನಿನ ರಿಪೇರಿ ದುಬಾರಿ.

ಕಾಗದ ಮೊದಲು, ಕಾರು ಆಮೇಲೆ

ಮೊದಲು ನೋಂದಣಿ ಪತ್ರ, ಅಂದರೆ ಆರ್.ಸಿ. ಕೇಳಿ. ಅದರಲ್ಲಿರುವ ಚಾಸಿ ಸಂಖ್ಯೆ, ಇಂಜಿನು ಸಂಖ್ಯೆಗಳನ್ನು ಕಾರಿನ ಮೇಲೆ ಕೊರೆದಿರುವ ಸಂಖ್ಯೆಗಳೊಡನೆ ಅಕ್ಷರ ಅಕ್ಷರವಾಗಿ ಹೋಲಿಸಿ. ಮಾರುವವನೇ ಆರ್.ಸಿ.ಯ ಯಜಮಾನನೇ, ನೋಡಿ. ಸಾಲ ಮಾಡಿ ಕೊಂಡ ಕಾರಾದರೆ ಪತ್ರದಲ್ಲಿ ಸಾಲ ಕೊಟ್ಟವರ ಹೆಸರಿರುತ್ತದೆ. ಸಾಲ ತೀರಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ಅವರ ಪತ್ರ ಹಾಗೂ 35ನೆಯ ನಮೂನೆ ಕೈಗೆ ಬರಬೇಕು. ಕೇಂದ್ರ ಸರ್ಕಾರದ ‘ಪರಿವಾಹನ್’ ಜಾಲತಾಣದಲ್ಲಿ ಕಾರಿನ ಸಂಖ್ಯೆ ಕೊಟ್ಟರೆ ನೋಂದಣಿ ದಿನಾಂಕ, ವಿಮೆ ಮೊದಲಾದವು ಕಾಣುತ್ತವೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರಿಂದಲೇ ನೋಡಿಸಬಹುದು.

ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಆಯುಸ್ಸು. ಆಮೇಲೆ ಕಾರನ್ನು ಪರೀಕ್ಷೆಗೆ ಒಯ್ದು, ಪಾಸಾದರೆ ಐದೈದು ವರ್ಷಕ್ಕೆ ನವೀಕರಿಸಬೇಕು. ಇದಕ್ಕೆ ಶುಲ್ಕವಿದೆ, ಕೇರಳದಲ್ಲಿ ಹಸಿರು ತೆರಿಗೆ ಬೇರೆ. ಹದಿನಾಲ್ಕು ವರ್ಷ ತುಂಬಿದ ಕಾರು ಅಗ್ಗವಾಗಿ ಕಾಣುವುದು ಇದರಿಂದಲೇ. ಆ ಖರ್ಚನ್ನೂ ಕಾರಿನ ಬೆಲೆಗೇ ಸೇರಿಸಿ ಲೆಕ್ಕ ಹಾಕತಕ್ಕದ್ದು.

ಗಡಿ ದಾಟಿ ಬರುವ ಕಾರು

ಗಡಿನಾಡಿನವರಾದ ನಮಗೆ ಇದು ಮುಖ್ಯ. ಮೈಸೂರಿನ ಕೆ.ಎ. 09, ಚಾಮರಾಜನಗರದ ಕೆ.ಎ. 10 ಕಾರುಗಳು ಇಲ್ಲಿಯವರ ಕಣ್ಣಿಗೆ ಅಗ್ಗವಾಗಿ ಕಾಣುತ್ತವೆ. ಆದರೆ ಅದನ್ನು ಬತ್ತೇರಿಯ ಕೆ.ಎಲ್. 73 ಮಾಡಿಸಬೇಕಾದರೆ ಮೊದಲು ಕರ್ನಾಟಕದ ಕಚೇರಿಯಿಂದ ನಿರಾಕ್ಷೇಪಣ ಪತ್ರ ಬೇಕು. ಕಚೇರಿಯಲ್ಲಿ ಎನ್.ಒ.ಸಿ. ಎನ್ನುತ್ತಾರೆ; 28ನೆಯ ನಮೂನೆಯಲ್ಲಿ ಅರ್ಜಿ. ಸಾಲ, ತೆರಿಗೆ, ದಂಡ, ಪೋಲೀಸು ಮೊಕದ್ದಮೆ ಯಾವುದು ಬಾಕಿ ಇದ್ದರೂ ಅದು ಸಿಗುವುದು ಕಷ್ಟ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಬೇರೆ ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿದರೆ ಅಲ್ಲಿನ ನೋಂದಣಿ ಸಂಖ್ಯೆ ಪಡೆಯಲೇಬೇಕು. ಹಾಗೆಂದು ವರ್ಷವಿಡೀ ನಿಶ್ಚಿಂತೆ ಎಂದುಕೊಳ್ಳಬೇಡಿ. ರಸ್ತೆ ತೆರಿಗೆಗೆ ಬೇರೆ ನಿಯಮವಿದೆ. ಕರ್ನಾಟಕಕ್ಕೆ ಕಟ್ಟಿದ ತೆರಿಗೆಯಲ್ಲಿ ಉಳಿದ ಭಾಗವನ್ನು ವಾಪಸು ಕೇಳಬಹುದು. ಆದರೆ ಅದಕ್ಕೆ ಓಡಾಟ ಬೇಕು. ಆದುದರಿಂದ ಮುಂಗಡ ಕೊಡುವ ಮೊದಲೇ ಬತ್ತೇರಿಯ ಕಚೇರಿಗೆ ಹೋಗಿ, ಈ ವರ್ಷದ, ಈ ಮಾದರಿಯ ಕಾರಿಗೆ ಎಷ್ಟು ತೆರಿಗೆ ಬೀಳುತ್ತದೆಂದು ಕೇಳಿ ಬರೆದುಕೊಳ್ಳಿ.

ನಮ್ಮ ಪರಿಚಯದ ಶುಂಠಿ ಬೇಸಾಯಗಾರರೊಬ್ಬರು ಹೀಗೆ ಕೇಳದೆ ಗಡಿಯಾಚೆಯಿಂದ ಕಾರು ತಂದರು. ಹಳೆಯ ಯಜಮಾನನ ಸಾಲ ತೀರಿರಲಿಲ್ಲ, ಎನ್.ಒ.ಸಿ. ಬರಲಿಲ್ಲ. ಎರಡು ಮಳೆಗಾಲ ಆ ಕಾರು ಹಲಸಿನ ಮರದಡಿ ನಿಂತಿತು. ಕೋಳಿಗಳು ಅದರೊಳಗೆ ಮೊಟ್ಟೆ ಇಟ್ಟವು.

ಕಾರಿನ ಹಲ್ಲು ನೋಡುವುದು

ಬೆಳಗ್ಗೆಯೇ ಹೋಗಿ. “ನಾವು ಬರುವವರೆಗೆ ಇಂಜಿನು ಚಾಲೂ ಮಾಡಬೇಡಿ” ಎಂದು ಮೊದಲೇ ಹೇಳಿ. ಹೋದೊಡನೆ ಮುಂಭಾಗದ ಮುಚ್ಚಳ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆಂದು ಶಂಕಿಸಬೇಕು. ತಣ್ಣಗಿರುವಾಗ ರೇಡಿಯೇಟರಿನ ನೀರು, ಇಂಜಿನ್ ಆಯಿಲ್ ಎರಡನ್ನೂ ನೋಡಿ. ಆಯಿಲ್ ಹಾಕುವ ಬಾಯಿಯ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ನೊರೆ ಮೆತ್ತಿದ್ದರೆ ಆಯಿಲಿಗೆ ನೀರು ಸೇರಿದೆಯೇ ಎಂದು ಮೆಕ್ಯಾನಿಕ್‌ಗೆ ತೋರಿಸಿ. ನಾವು ಮೋಸ ಹೋದದ್ದು ಇಲ್ಲೇ.

ಇಂಜಿನು ಚಾಲೂ ಆದ ಮೇಲೆ ಹೊಗೆ ನೋಡಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಎಂದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ. ವಯನಾಡಿನ ಚಳಿಯಲ್ಲಿ ಮೊದಲ ಎರಡು ನಿಮಿಷ ಬಿಳಿ ಹಬೆ ಬಂದು ನಿಂತರೆ ಭಯವಿಲ್ಲ. ಕಾದ ಮೇಲೂ ಬಿಳಿ ಹೊಗೆ ಬರುತ್ತಲೇ ಇದ್ದರೆ ಒಳಗೆ ನೀರು ಸೋರುತ್ತಿರಬಹುದು.

ಕಾಲಡಿಯ ಹಾಸು ಎತ್ತಿ ತುಕ್ಕು ನೋಡಿ. ಬಾಗಿಲಿನ ಕೆಳ ಅಂಚಿಗೆ ಒಂದು ಸಣ್ಣ ಅಯಸ್ಕಾಂತ ಹಿಡಿಯಿರಿ. ಹಿಡಿಯದಿದ್ದರೆ ಅಲ್ಲಿ ತಗಡಿಲ್ಲ, ಮೆತ್ತಿದ ಪುಟ್ಟಿ ಇದೆ. 2018ರ ಆಗಸ್ಟಿನ ನೆರೆಯಲ್ಲಿ ಕೇರಳದಲ್ಲಿ ಎಷ್ಟೋ ವಾಹನಗಳು ಮುಳುಗಿದವು. ಮುಳುಗಿದ ಕಾರಿನ ಗುರುತು ಸುಲಭ: ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದರೆ ಕೊನೆಯಲ್ಲಿ ಕೆಸರಿನ ಕಲೆ, ಹೆಚ್ಚುವರಿ ಚಕ್ರದ ಗುಳಿಯಲ್ಲಿ ಹೂಳು, ಮುಗ್ಗಲು ವಾಸನೆ. ಅಂಥದನ್ನು ಎಷ್ಟು ಅಗ್ಗವಾದರೂ ಬಿಡಿ. ಅದರ ವೈರುಗಳು ಒಳಗೊಳಗೇ ಕೊಳೆಯುತ್ತವೆ.

ಟಯರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದ ಟಯರು. ಪಡಿಯಚ್ಚು ಎಷ್ಟೇ ಆಳವಿದ್ದರೂ ಮುದಿ ಟಯರನ್ನು ನಂಬಲಾಗದು. ಒಂದೇ ಬದಿ ಸವೆದಿದ್ದರೆ ಚಕ್ರದ ಜೋಡಣೆ ಕೆಟ್ಟಿದೆ, ಇಲ್ಲವೇ ಗಾಡಿ ಎಲ್ಲಿಯೋ ಬಡಿದಿದೆ. ಓಡಿದ ಕಿಲೋಮೀಟರಿನ ಅಂಕಿಯನ್ನು ಹಿಂದಕ್ಕೆ ತಿರುಗಿಸುವವರಿದ್ದಾರೆ. ಅಂಕಿ ಕಡಿಮೆಯಿದ್ದು, ಬ್ರೇಕಿನ ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ ರಬ್ಬರನ್ನೇ ನಂಬಿ.

ಓಡಿಸಿ ನೋಡುವುದು

ಏರು ದಾರಿಗೆ ಒಯ್ಯಿರಿ. ಮೂರನೆಯ ಗೇರಿನಲ್ಲಿ ಇಂಜಿನಿನ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ಚು ಸವೆದಿದೆ. ಏರಿನಲ್ಲೇ ನಿಲ್ಲಿಸಿ ಕೈಬ್ರೇಕು ಹಾಕಿ ನೋಡಿ. ಸಮ ದಾರಿಯಲ್ಲಿ ಬ್ರೇಕು ಒತ್ತಿದಾಗ ಒಂದೇ ಬದಿಗೆ ಎಳೆಯಬಾರದು. ಅರ್ಧ ಗಂಟೆ ಓಡಿಸಿದ ಮೇಲೆ ಶಾಖದ ಮುಳ್ಳು ನಡುವಿನಲ್ಲೇ ನಿಂತಿರಬೇಕು. ಚಾಲಕನಿಗೆ ಗಾಳಿಚೀಲ ಕಡ್ಡಾಯವಾದದ್ದು 2019ರ ಜುಲೈಯಿಂದ. ಅದಕ್ಕಿಂತ ಹಳೆಯ ಅನೇಕ ಕಾರುಗಳಲ್ಲಿ ಅದಿಲ್ಲ. ಆದುದರಿಂದ ಎಲ್ಲ ಸೀಟ್ ಬೆಲ್ಟುಗಳೂ ಹಿಡಿಯುತ್ತವೆಯೇ ಎಂದು ಜಗ್ಗಿ ನೋಡುವುದು ಇನ್ನೂ ಅವಶ್ಯ.

ಕೊಂಡ ಮೇಲೆ

ಹೆಸರು ಬದಲಾವಣೆಯನ್ನು ನಾಳೆಗೆ ತಳ್ಳಬೇಡಿ. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಕಚೇರಿಗೆ ತಿಳಿಸಬೇಕು. ಮಾರುವವರಿಗೂ ಒಂದು ಮಾತು: ಕಾರು ಕೈಬಿಟ್ಟರೂ ದಾಖಲೆಯಲ್ಲಿ ನಿಮ್ಮ ಹೆಸರೇ ಇದ್ದರೆ ಅಪಘಾತದ ಪರಿಹಾರದ ಹೊಣೆ ನಿಮ್ಮದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ.

ಕೈಯಲ್ಲಿರುವ ಹಣವನ್ನೆಲ್ಲ ಕಾರಿಗೇ ಸುರಿಯಬೇಡಿ. ನಾಲ್ಕು ಪಾಲು ಮಾಡಿ, ಮೂರು ಪಾಲಿನಲ್ಲಿ ಕಾರು ಕೊಂಡು ಒಂದು ಪಾಲನ್ನು ತೆಗೆದಿಡಿ. ತಂದೊಡನೆ ಆಯಿಲ್, ಸೋಸುಕ, ರೇಡಿಯೇಟರಿನ ಹೋಸು, ಬೆಲ್ಟುಗಳನ್ನು ಹೊಸದಾಗಿ ಹಾಕಿಸಿ. ಟೈಮಿಂಗ್ ಬೆಲ್ಟ್ ಇರುವ ಇಂಜಿನಾದರೆ, ಅದನ್ನು ಯಾವಾಗ ಬದಲಿಸಿದರೆಂದು ಚೀಟಿ ಇಲ್ಲದಿದ್ದಲ್ಲಿ, ಬದಲಿಸಿಯೇ ಬಿಡಿ. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥೆನಾಲ್ ಇದೆ. ಹಳೆಯ ಕಾರಿನ ರಬ್ಬರು ಕೊಳವೆಗಳು ಅದಕ್ಕೆಂದು ಮಾಡಿದವಲ್ಲ. ಆರು ತಿಂಗಳಿಗೊಮ್ಮೆ ಅವು ಬಿರಿದಿವೆಯೇ, ಪೆಟ್ರೋಲ್ ಜಿನುಗುತ್ತಿದೆಯೇ ಎಂದು ನೋಡಿಸಿ.

ಕಡೆಯದಾಗಿ ಒಂದು ಮಾತು. ನಮ್ಮ ಎರಡನೆಯ ಕಾರನ್ನು ಬತ್ತೇರಿಯ ನಿವೃತ್ತ ಉಪಾಧ್ಯಾಯರೊಬ್ಬರಿಂದ ಕೊಂಡೆವು. ಬಣ್ಣ ಮಾಸಿತ್ತು, ಹಿಂದಿನ ಬಾಗಿಲಿನಲ್ಲಿ ಗೀರಿತ್ತು. ಆದರೆ ಒಂದು ನೋಟುಬುಕ್ಕಿನಲ್ಲಿ ಮೊದಲ ದಿನದಿಂದ ಹಾಕಿಸಿದ ಆಯಿಲ್, ಬದಲಿಸಿದ ಟಯರು, ಕೊಟ್ಟ ಹಣ, ಎಲ್ಲವನ್ನೂ ಬರೆದಿಟ್ಟಿದ್ದರು. ನಮ್ಮ ಮೆಕ್ಯಾನಿಕ್ ಅರ್ಧ ಗಂಟೆ ಪರೀಕ್ಷಿಸಿ, “ಸಾಕಿದವರು ಸರಿಯಾಗಿ ಸಾಕಿದ್ದಾರೆ, ತಗೊಳ್ಳಿ ಮೇಷ್ಟ್ರೇ” ಎಂದನು. ಕೇಳಿದ ಬೆಲೆಯಲ್ಲಿ ನಾವು ಹೆಚ್ಚು ಚೌಕಾಸಿ ಮಾಡಲಿಲ್ಲ. ಆ ನೋಟುಬುಕ್ಕನ್ನು ನಾವೂ ಮುಂದುವರಿಸಿದ್ದೇವೆ. ತಾಯಿಯವರನ್ನು ಮೈಸೂರಿಗೆ ಕರೆದೊಯ್ದು ಬರುವುದು ಈಗಲೂ ಇದೆ. ಮದ್ದೂರಿನ ಗೇಟಿನಲ್ಲಿ ಗಡಿಯಾರವನ್ನು ಈಗಲೂ ನೋಡುತ್ತೇವೆ. ಶಾಖದ ಮುಳ್ಳಿನತ್ತ ಮಾತ್ರ ಹೆದರಿ ನೋಡುವುದಿಲ್ಲ. ರೈತ ಬಂಧುಗಳೇ, ಹಸುವಿಗೆ ತೋರುವ ಜಾಣತನವನ್ನೇ ಕಾರಿಗೂ ತೋರಿ. ಸಾಕಿದವರ ಮನೆ ನೋಡಿ ಕೊಳ್ಳಿ.