ಬೇಸಗೆಯ ರಜೆಯೂ ಅರಿವಳಿಕೆಯ ಶಾಸ್ತ್ರವೂ

ಮನೆಯವರೊಬ್ಬರನ್ನು ಶಸ್ತ್ರಚಿಕಿತ್ಸೆಗೆಂದು ಒಳಗೆ ಕರೆದೊಯ್ದ ಮೇಲೆ ಹೊರಗಿನ ಬೆಂಚಿನಲ್ಲಿ ಕುಳಿತು ಗಳಿಗೆಗಳನ್ನೆಣಿಸಿದ ಅನುಭವವು ನಮ್ಮಲ್ಲಿ ಬಹುಮಂದಿಗೆ ಉಂಟು. ಆಗ ಶಸ್ತ್ರವೈದ್ಯರ ಹೆಸರನ್ನು ನಾವು ಕೇಳಿ ತಿಳಿದಿರುತ್ತೇವೆ. ಆದರೆ ರೋಗಿಯ ತಲೆಯ ಬಳಿ ನಿಂತು ಅವನ ಉಸಿರನ್ನೂ ನಾಡಿಯನ್ನೂ ಕಾಯುವ ಅರಿವಳಿಕೆ ವೈದ್ಯರ ಹೆಸರನ್ನು ಕೇಳುವವರು ವಿರಳ. ವೈದ್ಯವಿದ್ಯಾರ್ಥಿಗಳಿಗೂ ಈ ಶಾಸ್ತ್ರದ ಪರಿಚಯವು ಕೆಲವೇ ದಿನಗಳದು. ಈ ಕೊರತೆಯನ್ನು ನೀಗಿಸಲು ಬೇಸಗೆಯ ರಜೆಯನ್ನೇ ಉಪಯೋಗಿಸಿಕೊಳ್ಳುವ ಏರ್ಪಾಡೊಂದು ಅಮೆರಿಕಾ ದೇಶದಲ್ಲಿ ಹುಟ್ಟಿತು. ಅದರ ಮರ್ಮವನ್ನರಿಯಬೇಕಾದರೆ ಮೊದಲು ಒಂದು ಹಳೆಯ ಸಂಗತಿಯನ್ನು ಸ್ಮರಿಸಬೇಕು.

1846ನೆಯ ಅಕ್ಟೋಬರ್ 16ರಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ದಂತವೈದ್ಯನಾದ ವಿಲಿಯಂ ಮಾರ್ಟನ್ ಎಂಬಾತನು ರೋಗಿಯೊಬ್ಬನಿಗೆ ಈಥರಿನ ಆವಿಯನ್ನು ಸೇದಿಸಿದನು. ಶಸ್ತ್ರವೈದ್ಯನು ಆ ರೋಗಿಯ ಕತ್ತಿನ ಗಡ್ಡೆಗೆ ಶಸ್ತ್ರವಿಟ್ಟನು. ಲೋಕವೆಲ್ಲ ಬೆರಗಾಯಿತು. ಆದರೆ ಅರ್ಧ ಶತಮಾನದ ಬಳಿಕವೂ ಈಥರ್ ಕೊಡುವ ಕೆಲಸವು ಹೆಚ್ಚಿನ ಶಿಕ್ಷಣವಿಲ್ಲದ ವಿದ್ಯಾರ್ಥಿಗಳ ಪಾಲಿಗೇ ಬರುತ್ತಿದ್ದಿತು. ಹಾರ್ವರ್ಡಿನ ವಿದ್ಯಾರ್ಥಿಯಾಗಿದ್ದ ಹಾರ್ವೆ ಕುಶಿಂಗನು ಹೀಗೆ ಈಥರ್ ಕೊಡುತ್ತಿರುವಾಗಲೇ ಒಬ್ಬ ರೋಗಿಯು ತೀರಿಕೊಂಡನು. ಇಂತಹುದು ಆಗಾಗ ನಡೆಯುವುದೇ, ಮರೆತುಬಿಡು ಎಂದು ಹಿರಿಯರು ಸಮಾಧಾನ ಹೇಳಿದರು.

ಕುಶಿಂಗನು ಮರೆಯಲಿಲ್ಲ. ತನ್ನ ಸಹಪಾಠಿ ಕಾಡ್ಮನ್ನನೊಡನೆ ಅವನು ಒಂದು ಪಂದ್ಯ ಕಟ್ಟಿದನು: ಯಾರು ಈಥರನ್ನು ಹೆಚ್ಚು ಚೆನ್ನಾಗಿ ಕೊಡುವರೋ ಅವರಿಗೆ ಮತ್ತೊಬ್ಬನು ಊಟ ಹಾಕಿಸತಕ್ಕದ್ದು. ಇದನ್ನು ನಿರ್ಣಯಿಸಲು ಲೆಕ್ಕ ಬೇಕಲ್ಲವೇ? ಆದುದರಿಂದ 1894ರ ಸುಮಾರಿಗೆ ಇಬ್ಬರೂ ರೋಗಿಯ ನಾಡಿಯನ್ನೂ ಉಸಿರನ್ನೂ ಗಮನಿಸಿ ಕಾಗದದ ಮೇಲೆ ಗುರುತು ಹಾಕತೊಡಗಿದರು. ಮುಂದೆ 1901ರಲ್ಲಿ ಕುಶಿಂಗನು ಇಟಲಿಯ ಪಾವಿಯಾದಲ್ಲಿ ರೀವಾ-ರೊಚ್ಚಿಯವರ ರಕ್ತದೊತ್ತಡದ ಪಟ್ಟಿಯನ್ನು ಕಂಡು, ಅದನ್ನೂ ತನ್ನ ದೇಶದ ಶಸ್ತ್ರಚಿಕಿತ್ಸಾಗೃಹಕ್ಕೆ ತಂದನು. ಈಗ ಅರಿವಳಿಕೆ ಕೊಡುವಾಗಲೆಲ್ಲ ಬರೆದಿಡುವ ದಾಖಲೆಗೆ ಮೂಲವು ಆ ಇಬ್ಬರು ಹುಡುಗರ ಕಾಗದವೇ.

ಅಂತಹ ಬುದ್ಧಿಯನ್ನು ವಿದ್ಯಾರ್ಥಿದೆಸೆಯಲ್ಲಿಯೇ ಬೆಳೆಯಿಸುವುದು ಈ ವಿದ್ಯಾರ್ಥಿವೇತನಗಳ ಉದ್ದೇಶ. ಅಮೆರಿಕಾದ ಅರಿವಳಿಕೆ ವೈದ್ಯರ ಸಂಘವು 1986ರಲ್ಲಿ ಸ್ಥಾಪಿಸಿದ ಪ್ರತಿಷ್ಠಾನವು, ವೈದ್ಯವಿದ್ಯಾರ್ಥಿಗಳನ್ನು ಬೇಸಗೆಯಲ್ಲಿ ಎಂಟು ವಾರಗಳ ಮಟ್ಟಿಗೆ ಒಬ್ಬ ಸಂಶೋಧಕರ ಬಳಿ ಇರಿಸಿ, ವೆಚ್ಚಕ್ಕೆ ಹಣ ಕೊಡುವ ಪದ್ಧತಿಯನ್ನು ನಡೆಯಿಸಿತು. ಶಸ್ತ್ರಚಿಕಿತ್ಸೆಯ ತರುವಾಯ ವೃದ್ಧರಿಗೆ ಬುದ್ಧಿಭ್ರಮೆಯೇಕೆ? ಎಚ್ಚರವಾದ ಮೇಲೆ ವಾಂತಿಯೇಕೆ? ಇಂತಹ ಪ್ರಶ್ನೆಗಳು ಈ ಶಾಸ್ತ್ರದಲ್ಲಿ ಹೇರಳ. ವಿದ್ಯಾರ್ಥಿಯು ಒಂದು ಸಣ್ಣ ಪ್ರಶ್ನೆಯನ್ನು ಹಿಡಿದು ದುಡಿದು, ಕಂಡುದನ್ನು ಸಂಘದ ವಾರ್ಷಿಕ ಸಮ್ಮೇಳನದಲ್ಲಿ ಹಿರಿಯರ ಮುಂದಿಡುವನು.

ನಮ್ಮ ದೇಶದಲ್ಲಿಯೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 1979ರಲ್ಲಿ ಎರಡು ತಿಂಗಳ ವಿದ್ಯಾರ್ಥಿವೇತನವನ್ನು ಆರಂಭಿಸಿತು. ಅದು ಅರಿವಳಿಕೆಗೆ ಮಾತ್ರ ಮೀಸಲಾದುದಲ್ಲ. ಆದರೆ ಅದರ ಉದ್ದೇಶವೂ ಇದೇ.

ಎರಡು ತಿಂಗಳಲ್ಲಿ ಮಹಾಶೋಧವಾದೀತೇ ಎಂದು ಕೇಳುವವರುಂಟು. ಬಹುಮಟ್ಟಿಗೆ ಆಗಲಾರದು. ಆದರೆ "ಇಂತಹುದು ನಡೆಯುವುದೇ" ಎಂಬ ಮಾತಿಗೆ ತಲೆಬಾಗದೆ "ಏಕೆ ನಡೆಯಿತು?" ಎಂದು ಕೇಳುವ ಅಭ್ಯಾಸವು ಅಷ್ಟರಲ್ಲಿಯೇ ಮೊಳೆಯಬಲ್ಲದು. ವೈದ್ಯಶಾಸ್ತ್ರವನ್ನೋದುವ ಮಗನೋ ಮಗಳೋ ರಜೆಗೆ ಮನೆಗೆ ಬಾರದೆ ಆಸ್ಪತ್ರೆಯಲ್ಲಿಯೇ ಉಳಿಯುವೆನೆಂದು ಬರೆದರೆ, ತಾಯಿತಂದೆಗಳು ಮುನಿಯದಿರಲಿ. ಹೊರಗಿನ ಬೆಂಚಿನ ಮೇಲೆ ಕುಳಿತು ಕಾಯುವ ಯಾವುದೋ ಮನೆಯವರಿಗೆ ಆ ರಜೆಯು ಸಲ್ಲುವುದು.